ಎಡಗಿವಿಗೆ ಉಳಿದ ಹೆಸರು

ವಿಮಾನದಡಿ ಮಾರಿದ ಎಮ್ಮೆ ಕೊಂಡವರ ಕೊಟ್ಟಿಗೆಯಲ್ಲಿ ಮೇವು ತಿನ್ನುತ್ತದೆ, ಹಾಲು ಮಾತ್ರ ಕೊಡುವುದಿಲ್ಲ. ಸಂಜೆ ಹೊತ್ತಿಗೆ ಹಗ್ಗ ಕಿತ್ತುಕೊಂಡು ಹಳೆಯ ಯಜಮಾನನ ಬಾಗಿಲಲ್ಲಿ ಬಂದು ನಿಂತಿರುತ್ತದೆ. ವಿಮಾನದಡಿ ಹಾಕಿದ ಶಾಪ ತಟ್ಟುವುದಿಲ್ಲ, ಇಟ್ಟ ಆಣೆ ಕಟ್ಟುವುದಿಲ್ಲ, ಒಪ್ಪಿಕೊಂಡ ಸಂಬಂಧ ಮರುದಿನ ಯಾರಿಗೂ ನೆನಪಿರುವುದಿಲ್ಲ. ನಮ್ಮೂರಿನ ರೀತಿಯೇ ಹಾಗೆ. ತಲೆಯ ಮೇಲೆ ವಿಮಾನ ಇರುವಷ್ಟು ಹೊತ್ತು ಆಡಿದ್ದು ಮಾತಲ್ಲ, ಬರೀ ಸದ್ದು. ಹೊರಗಿನಿಂದ ಬಂದವರು "ಅದು ಹೇಗೆ?" ಎಂದು ಹುಬ್ಬೇರಿಸುತ್ತಾರೆ. ನಿಮ್ಮೂರಿನಲ್ಲಿ ಚುನಾವಣೆಗೆ ಮುಂಚೆ ಆಡಿದ ಮಾತು ಹೇಗೋ ಹಾಗೆ ಅನ್ನುತ್ತೇನೆ. ಮತ್ತೆ ಕೇಳುವುದಿಲ್ಲ.

ನಮ್ಮ ಜನ ಇದಕ್ಕೆ ಹೊಂದಿಕೊಂಡಿದ್ದಾರೆ ಅನ್ನುವುದಕ್ಕಿಂತ ಇದನ್ನೇ ತಮಗೆ ಹೊಂದಿಸಿಕೊಂಡಿದ್ದಾರೆ. ಪಕ್ಕದ ಮನೆಯ ಸೊಸೆ ವಿಮಾನದ ಸದ್ದು ಕೇಳಿದೊಡನೆ ಒಲೆ ಸಣ್ಣ ಮಾಡಿ ಹಿತ್ತಲಿಗೆ ಬಂದು, ಅತ್ತೆಯ ಬಗ್ಗೆ ಅನ್ನಬೇಕಾದ್ದನ್ನೆಲ್ಲ ಅಂದು, ಒಗ್ಗರಣೆ ಸೀಯುವ ಮುಂಚೆ ಒಳಗೆ ಹೋಗುತ್ತಾಳೆ. ಅತ್ತೆಯೂ ಅದೇ ವಿಮಾನದಲ್ಲಿ ಮುಂಬಾಗಿಲಿಗೆ ಬಂದು ತಮ್ಮ ಪಾಲಿನದನ್ನು ಮುಗಿಸಿರುತ್ತಾರೆ. ಅಂಥ ತಣ್ಣನೆಯ ಮನೆ ಇನ್ನೊಂದಿಲ್ಲ.

ಆದರೆ ನಿಲ್ಲಲೇಬೇಕಾದ ಮಾತುಗಳೂ ಇರುತ್ತವಲ್ಲ. ಮನೆ ಕೊಳ್ಳುವ ಮಾತು, ಹೆಣ್ಣು ಕೊಡುವ ಮಾತು, ಮಗುವಿಗೆ ಹೆಸರಿಡುವ ಮಾತು. ಅಂಥ ಹೊತ್ತಿನಲ್ಲಿ ಒಬ್ಬರು ಜಗಲಿಯ ಮೇಲೆ ಕೂತು ಆಕಾಶಕ್ಕೆ ಕಿವಿಗೊಡಬೇಕು. ಏನೂ ಇಲ್ಲ ಎಂದು ಖಾತ್ರಿಯಾದಾಗ ಕೈ ಎತ್ತಬೇಕು. ಕೈ ಇಳಿಯುವುದರೊಳಗೆ ಒಳಗಿನವರು ಮಾತು ಮುಗಿಸಬೇಕು. ಹೀಗೆ ಕೂರುವವರಿಗೆ ನಮ್ಮಲ್ಲಿ ಕಿವಿಗೊಡುವವರು ಎಂದೇ ಹೆಸರು. ನಮ್ಮಪ್ಪ ಕಿವಿಗೊಡುತ್ತಿದ್ದರು, ಅವರಾದ ಮೇಲೆ ನಾನು. ಮುಂದಿನ ಕೋಣೆಯಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಲೈಬ್ರರಿ ಇಟ್ಟುಕೊಂಡಿದ್ದೇನೆ. ಓದುವುದಕ್ಕೂ ಕಿವಿಗೊಡುವುದಕ್ಕೂ ಬೇಕಾದ ಅಭ್ಯಾಸ ಒಂದೇ, ಬಾಯಿ ಮುಚ್ಚಿಕೊಂಡು ಕೂರುವುದು. ಮಿಕ್ಕ ಹೊತ್ತಿನಲ್ಲಿ ಈ ವನಜಕ್ಕ ಅದನ್ನು ಅಷ್ಟಾಗಿ ಪಾಲಿಸುವುದಿಲ್ಲ ಎಂದು ಊರವರು ಹೇಳುತ್ತಾರೆ. ಅದೂ ವಿಮಾನ ಇಲ್ಲದಾಗಲೇ ಹೇಳುತ್ತಾರೆ.

ಹೆಸರಿನ ಸಂಗತಿ ಇನ್ನೂ ಸೂಕ್ಷ್ಮ. ಹೆಸರಿಡುವುದು ಸೋದರತ್ತೆಯ ಹಕ್ಕು. ಆಕೆ ಬೆರಳಿನಿಂದ ಒಂದು ತೊಟ್ಟು ಹರಳೆಣ್ಣೆಯನ್ನು ಕಿವಿಗೆ ಮುಟ್ಟಿಸಿ, ಬಾಯನ್ನು ಕಿವಿಗೆ ಹಚ್ಚಿ ಹೇಳಬೇಕು. ಆಕಾಶ ಖಾಲಿ ಇದ್ದರೆ ಹೆಸರು ನಿಲ್ಲುತ್ತದೆ. ಮೇಲೆ ವಿಮಾನ ಇದ್ದರೆ ಹೆಸರು ಉದುರಿಹೋಗುತ್ತದೆ, ಮಗು ಆ ಹೆಸರಿಗೆ ಜನ್ಮದಲ್ಲಿ ತಿರುಗಿ ನೋಡುವುದಿಲ್ಲ. ಆ ಕಿವಿಯ ಕತೆ ಅಲ್ಲಿಗೆ ಮುಗಿಯಿತು. ದೇವರು ಎರಡು ಕಿವಿ ಕೊಟ್ಟಿರುವುದು ಇದೇ ಕಾರಣಕ್ಕೆ ಎಂದು ನಮ್ಮ ಕಡೆಯ ಹಿರಿಯರ ಅಭಿಪ್ರಾಯ. ಮೂರನೆಯ ಅವಕಾಶ ಇಲ್ಲ.

ಬಸ್ ಸ್ಟ್ಯಾಂಡ್ ಹಿಂದೆ ಜೆರಾಕ್ಸ್ ಮತ್ತು ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವವನ ಬಲಗಿವಿ ತೊಟ್ಟಿಲಲ್ಲೇ ಹೋಯಿತು. ಅವತ್ತು ಕಿವಿಗೊಟ್ಟಿದ್ದವರು ನಮ್ಮಪ್ಪ. ಅವರು ಕೈ ಎತ್ತಿರಲೇ ಇಲ್ಲ, "ತಡೀರಿ, ತಡೀರಿ" ಅನ್ನುತ್ತಲೇ ಇದ್ದರು. ಒಳಗೆ ಪಾಯಸ ಆರುತ್ತಿತ್ತು, ಮಗು ಅಳುತ್ತಿತ್ತು, ಸೋದರತ್ತೆ ನಂಜತ್ತೆಗೆ ಆಗ ಹರೆಯದ ಅವಸರ. "ಇನ್ನೆಷ್ಟು ತಡೀಬೇಕು!" ಎಂದು ಬಗ್ಗಿ 'ತ್ರಿವಿಕ್ರಮ' ಅಂದುಬಿಟ್ಟರು. ಮೇಲೆ ಒಂದು ಪುಟ್ಟ ವಿಮಾನ ಹತ್ತಿಯ ಹೊಲಗಳಿಗೆ ಔಷಧಿ ಹೊಡೆಯಲು ಹೊರಟಿತ್ತು. ಅದರ ಜೊತೆ ತ್ರಿವಿಕ್ರಮನೂ ಹೋದ. ಕಾಗದಪತ್ರದಲ್ಲಿ ಇವತ್ತಿಗೂ ಅದೇ ಹೆಸರಿದೆ. ಪೋಸ್ಟ್‌ಮ್ಯಾನ್ ಅಂಗಡಿಯೆದುರು ನಿಂತು ತ್ರಿವಿಕ್ರಮ ಎಂದು ಗಂಟಲು ಹರಿದುಕೊಂಡರೂ ಅವನು ತಲೆ ಎತ್ತುವುದಿಲ್ಲ. ಹಟಕ್ಕಲ್ಲ, ಅದು ಅವನ ಕಿವಿಗೆ ಹತ್ತುವುದೇ ಇಲ್ಲ. ಊರೆಲ್ಲ ಅವನನ್ನು ಕರೆಯುವುದು 'ಇವ್ರೇ' ಎಂದು. ಬೋರ್ಡಿನಲ್ಲಿ 'ಮಾಲೀಕರು' ಎಂದು ಬರೆಸಿ ಮುಂದೆ ಜಾಗ ಬಿಟ್ಟಿದ್ದಾನೆ. ಎಡಗಿವಿಗೆ ನಂಜತ್ತೆಯನ್ನು ಯಾರೂ ಬಿಟ್ಟಿರಲಿಲ್ಲ, ಆಕೆಯೂ ಮುಂದೆ ಬಂದಿರಲಿಲ್ಲ. ಅವಸರಗೇಡಿ ಎಂಬ ಬಿರುದು ಹೊತ್ತುಕೊಂಡೇ ಆಕೆಯ ತಲೆ ಬೆಳ್ಳಗಾಯಿತು.

ಹೆಸರಿಲ್ಲದೆ ಅವನು ನಲವತ್ತು ದಾಟಿದ, ಏನೂ ತೊಂದರೆಯಾಗಲಿಲ್ಲ. ತೊಂದರೆ ಶುರುವಾದದ್ದು ಹಿಟ್ಟಿನ ಗಿರಣಿಯ ಹೇಮಾವತಿಯಿಂದ. ಗಿರಣಿಯ ಮೋಟಾರಿನ ಮೇಲೆ ಮಾತಾಡಿ ಮಾತಾಡಿ ಅವಳ ದನಿ ಎರಡು ಬೀದಿಗೆ ಕೇಳಿಸುವಷ್ಟಾಗಿದೆ, ಹಾಗಾಗಿ ಅವರಿಬ್ಬರ ಪ್ರೀತಿ ಗುಟ್ಟಾಗಿರುವ ಸಂಭವವೇ ಇರಲಿಲ್ಲ. ಅವಳನ್ನು ಸಾಕಿದ ಚಿಕ್ಕಪ್ಪ ಗುರುಸಿದ್ದಪ್ಪನವರು ಒಂದೇ ಮಾತು ಹೇಳಿದರು: "ಹುಡುಗ ಒಳ್ಳೆಯವನೇ ಇರಬಹುದು. ಒಡಪು ಹೇಗೆ ಹೇಳ್ತೀಯಮ್ಮ?"

ನಮ್ಮಲ್ಲಿ ಒಡಪೇ ಮದುವೆ. ತಾಳಿ, ಅಕ್ಷತೆ, ಊಟ ಎಲ್ಲ ಇವೆ, ಆದರೆ ಹುಡುಗಿ ಖಾಲಿ ಆಕಾಶದಡಿ ನಾಲ್ಕು ಜನರೆದುರು ಪ್ರಾಸ ಹೊಂದಿಸಿ ಒಡಪು ಕಟ್ಟಿ, ಅದರೊಳಗೆ ಗಂಡನ ಹೆಸರು ಹೇಳಿದಾಗ ಮದುವೆ ಆದಂತೆ. ತಾಳಿಯನ್ನು ಆಮೇಲೆ ನಿಧಾನಕ್ಕೆ ಕಟ್ಟಿದವರೂ ಇದ್ದಾರೆ. ಹೇಳುವುದಕ್ಕೆ ಹೆಸರೇ ಇಲ್ಲದಿದ್ದರೆ ಮದುವೆ ಎಲ್ಲಿಂದ ಬರಬೇಕು?

ಹೇಮಾವತಿ ನೇರವಾಗಿ ಅವನ ಅಂಗಡಿಗೆ ಹೋದಳು. ನಾನು ಆಗ ಅಲ್ಲಿ ಜೆರಾಕ್ಸ್ ಮಾಡಿಸುತ್ತಿದ್ದೆ; ಇಲ್ಲದಿದ್ದರೂ ನನ್ನ ಲೈಬ್ರರಿಗೆ ಕೇಳಿಸುತ್ತಿತ್ತು.

"ಸಂತೇಲಿ ನಿಂತ್ಕೊಂಡು 'ಇವ್ರೇ' ಅಂದ್ರೆ ಹತ್ತು ಜನ ಗಂಡಸರು ತಿರುಗಿ ನೋಡ್ತಾರೆ. ಹತ್ತೂ ಜನರನ್ನ ಕಟ್ಕೊಳ್ಲಾ?"

"ನಾನೂ ತಿರುಗ್ತೀನಲ್ಲ," ಅಂದ ಅವನು.

"ಅದೇ ನನ್ನ ಸಂಕಟ! ಯಾರು ಯಾರನ್ನ ಕರೆದ್ರೂ ತಿರುಗ್ತೀರಿ. ನೋಡಿ, ಎಡಗಿವಿ ಇದೆಯಲ್ಲ, ಹೆಸರಿಡಿಸ್ಕೊಳ್ಳಿ."

ಅವನು ಎಡಗಿವಿಯನ್ನು ಕೈಯಿಂದ ಮುಚ್ಚಿಕೊಂಡ. ಅವನ ಭಯ ಸುಮ್ಮನೆ ಅಲ್ಲ. ಆ ಕಿವಿ ಇರುವವರೆಗೆ ಹೆಸರು ಬರಬಹುದು ಎಂಬ ಆಸೆಯಾದರೂ ಇದೆ. ಅದೂ ಹೋದರೆ ಅವನು ಸಾಯುವವರೆಗೆ ಇವ್ರೇ, ಹೇಮಾವತಿ ಸಾಯುವವರೆಗೆ ಚಿಕ್ಕಪ್ಪನ ಮನೆಯವಳು. ಈಚೆಗೆ ವಿಮಾನಗಳು ಎಷ್ಟು ಮೇಲೆ ಹೋಗುತ್ತವೆ ಎಂದರೆ ಕಣ್ಣಿಗೂ ಇಲ್ಲ, ಕಿವಿಗೂ ಇಲ್ಲ. ಮೋಡ ಕವಿದರೆ ಮುಗಿದೇಹೋಯಿತು. ಊರ ಮೇಲೆ ಎರಡು ದಾರಿಗಳು ಅಡ್ಡಹಾಯುತ್ತವಂತೆ, ಬಿಡುವೇ ಇಲ್ಲ.

ಮರುದಿನ ಅವನು ಲೈಬ್ರರಿಗೆ ಬಂದು ಪುಸ್ತಕಗಳ ಬೆನ್ನು ಸವರುತ್ತ ನಿಂತ. "ವನಜಕ್ಕ, ನಿಮ್ಮ ಕಿವಿ ಮೇಲೆ ನಂಬಿಕೆ ಇಲ್ಲ ಅಂತಲ್ಲ..."

"ಇಲ್ಲ ಅಂತಲೇ ಹೇಳಿಬಿಡು ಮಾರಾಯ. ಈಗೊಂದು ವಿಮಾನ ಹೋಗ್ತಾ ಇದೆ."

"ಇಲ್ಲ," ಅಂದ ತಕ್ಷಣ. ವಿಮಾನ ದಾಟಿದ ಮೇಲೆ ನಾವಿಬ್ಬರೂ ಮೊದಲಿನಿಂದ ಮಾತು ಶುರುಮಾಡಿದೆವು.

ವಿಮಾನಗಳು ಸುಮ್ಮನೆ ಹೋಗುವುದಿಲ್ಲವಂತೆ. ನಾನು ಇಂಥವನು, ಇಷ್ಟು ಎತ್ತರದಲ್ಲಿದ್ದೇನೆ, ಇಲ್ಲಿದ್ದೇನೆ ಎಂದು ಕ್ಷಣಕ್ಷಣಕ್ಕೂ ರೇಡಿಯೋದಲ್ಲಿ ಬಡಬಡಿಸುತ್ತಲೇ ಇರುತ್ತವಂತೆ. ಅದನ್ನು ಹಿಡಿಯುವ ಯುಎಸ್‌ಬಿ ಡಾಂಗಲ್ ಸಿಗುತ್ತದೆ. ಲ್ಯಾಪ್‌ಟಾಪಿಗೆ ಚುಚ್ಚಿ, ಬೆರಳುದ್ದದ ಆಂಟೆನಾ ಕಟ್ಟಿದರೆ ಮನೆಯಲ್ಲಿ ಕೂತು ಆಕಾಶ ನೋಡಬಹುದು. "ಆದ್ರೆ ಯಾವುದು ತಗೊಳ್ಳೋದು ಅಂತ ಗೊತ್ತಾಗ್ತಿಲ್ಲ ಅಕ್ಕ. ಟಿ.ವಿ. ನೋಡೋಕೆ ಅಂತ ಮಾಡಿರೋ ಪ್ಲಾಸ್ಟಿಕ್‌ದು ಒಂದಿದೆ, ಅಗ್ಗ. ಲೋಹದ ಡಬ್ಬೀಲಿ ಬರೋದು ಇನ್ನೊಂದು, ಬಿಸಿಯಾದ್ರೂ ದಾರಿ ತಪ್ಪಲ್ಲ. ವಿಮಾನಕ್ಕೆ ಅಂತಲೇ ಮಾಡಿರೋದು ಮತ್ತೊಂದು. ಅಗ್ಗದ್ದೇ ಸಾಕು ಅಂತಾರೆ ಎಲ್ಲರೂ."

"ಎಲ್ಲರಿಗೂ ವಿಮಾನ ನೋಡಬೇಕು. ನಿನಗೆ ಏನು ನೋಡಬೇಕು?"

ಅವನು ಯೋಚಿಸಿದ. "ವಿಮಾನ ಇಲ್ಲದ್ದು."

"ಹಾಂ. ಇದೆ ಅನ್ನೋಕೆ ಯಾವ ಡಾಂಗಲ್ ಆದ್ರೂ ಸಾಕು, ತೆರೆ ಮೇಲೆ ಕಂಡ್ರೆ ಇದೆ. ಇಲ್ಲ ಅನ್ನೋಕೆ ಒಳ್ಳೇದೇ ಬೇಕು. ಕುರುಡನಿಗೆ ಯಾವಾಗಲೂ ಆಕಾಶ ಖಾಲಿಯೇ."

ಇಷ್ಟು ಹೇಳಿದ ಮೇಲೂ ಅವನು ತಂದದ್ದು ಅಗ್ಗದ್ದೇ. ಗಂಡಸರು ಸಲಹೆ ಕೇಳುವುದು ತಾವು ಆಗಲೇ ಕೊಂಡುಬಿಟ್ಟ ವಸ್ತುವಿಗೆ ಎಂದು ನನಗೆ ಗೊತ್ತಿರಬೇಕಾಗಿತ್ತು. ಅಂಗಡಿಯ ಮಾಳಿಗೆಯ ಮೇಲೆ ಆಂಟೆನಾ ಇಟ್ಟು, ಅಲ್ಲಿಂದ ಕೆಳಗಿನ ಮೇಜಿನವರೆಗೆ ಉದ್ದಕ್ಕೆ ಕೇಬಲ್ ಎಳೆದಿದ್ದ. ತೆರೆಯ ಮೇಲೆ ಊರಿನ ನಕ್ಷೆ, ಅದರ ಮೇಲೆ ಇರುವೆಯಂಥ ಪುಟ್ಟ ವಿಮಾನಗಳು. ಜನ ಸಿನಿಮಾಕ್ಕೆ ಬಂದಂತೆ ಬಂದರು. ಸ್ವಲ್ಪ ಹೊತ್ತಿಗೆ ಊರಿನ ಮೇಲೆ ಒಂದೂ ಇಲ್ಲ ಎಂದು ತೋರಿಸಿತು. ಅವನು ಹೆಮ್ಮೆಯಿಂದ ನನ್ನ ಕಡೆ ತಿರುಗಿದ. ನಾನು ಹೊರಗೆ ಹೋಗಿ ಬಾಗಿಲಲ್ಲಿ ನಿಂತು ಕಿವಿಗೊಟ್ಟೆ. ಬಲು ಮೇಲೆ, ದೂರದಲ್ಲಿ ಯಾರೋ ಚಾಪೆ ಎಳೆದಂಥ ಸದ್ದು.

"ಇದೆ," ಅಂದೆ.

"ಅಕ್ಕ, ತೆರೆ ಮೇಲೆ ಇಲ್ವಲ್ಲ!"

"ತೆರೆ ಮೇಲೆ ಇಲ್ಲದಿದ್ರೆ ಅದನ್ನ ಆಕಾಶಕ್ಕೆ ಹೋಗಿ ಹೇಳು."

ಅಷ್ಟರಲ್ಲಿ ಮೋಡದ ಬಿರುಕಿನಲ್ಲಿ ಬೆಳ್ಳನೆಯ ಗೆರೆ ಕಂಡಿತು. ಎಲ್ಲರೂ ನೋಡಿದರು. ಅವನ ಕೈ ತಾನಾಗಿ ಎಡಗಿವಿಗೆ ಹೋಯಿತು. ಅವತ್ತೇ ಆ ತೆರೆಯನ್ನು ನಂಬಿ ನಂಜತ್ತೆಯನ್ನು ಕರೆಸಿದ್ದರೆ? ಡಾಂಗಲನ್ನು ಮುಟ್ಟಿ ನೋಡಿದರೆ ಸುಡುತ್ತಿತ್ತು, ಕಾದು ಕಾದು ಯಾವ ದನಿಗೆ ಕಿವಿಗೊಡಬೇಕು ಎಂಬುದನ್ನೇ ಮರೆತಿತ್ತು. ಜೊತೆಗೆ ಆ ಉದ್ದ ಕೇಬಲು, ಮಾಳಿಗೆಯಲ್ಲಿ ಕೇಳಿದ ಸಂಗತಿಯಲ್ಲಿ ಅರ್ಧವನ್ನು ದಾರಿಯಲ್ಲೇ ಚೆಲ್ಲಿಕೊಂಡು ಬರುತ್ತಿತ್ತು. ನಮ್ಮೂರಿನಲ್ಲಿ ಸುದ್ದಿ ಬೀದಿಯಿಂದ ಬೀದಿಗೆ ಹೋಗುವ ಹಾಗೆ.

ಎರಡನೆಯ ಡಾಂಗಲಿಗೆ ಅವನು ಮುಷ್ಟಿ ಬಿಗಿ ಹಿಡಿಯಲಿಲ್ಲ. ವಿಮಾನಕ್ಕೆಂದೇ ಮಾಡಿದ್ದು, ಲೋಹದ ಡಬ್ಬಿ, ಒಳಗೇ ಆಂಪ್ಲಿಫೈಯರು: ಸಣ್ಣ ದನಿಯನ್ನು ದೊಡ್ಡದು ಮಾಡುವ ಯಂತ್ರ. ಕೇಬಲ್ ಗೇಣುದ್ದಕ್ಕೆ ಇಳಿಯಿತು, ಲ್ಯಾಪ್‌ಟಾಪೇ ಮಾಳಿಗೆ ಹತ್ತಿತು. ಆದರೆ ಇದರಲ್ಲಿ ಮೊದಲಿಗಿಂತ ಕಮ್ಮಿ ವಿಮಾನಗಳು! ಅವನು ಆಂಟೆನಾವನ್ನು ಪೂರ್ವಕ್ಕೆ ಸರಿಸಿದ, ಪಶ್ಚಿಮಕ್ಕೆ ಸರಿಸಿದ, ಕೊನೆಗೆ ಅದರೆದುರು ಕೈಕಟ್ಟಿ ನಿಂತ. ಹೇಮಾವತಿ ಊಟದ ಡಬ್ಬಿ ತಂದವಳು ಮೈಗೆಲ್ಲ ಹಿಟ್ಟು ಮೆತ್ತಿಕೊಂಡೇ ಮಾಳಿಗೆ ಹತ್ತಿ ಬಂದಳು.

"ಏನಂತೆ ನನ್ನ ದುಬಾರಿ ಸವತಿ?"

"ಅದೇನು ತಪ್ಪಿಲ್ಲ. ಅದೋ, ಆ ಟವರ್ ನೋಡಿ." ಸೊಸೈಟಿ ಬ್ಯಾಂಕಿನ ಮೇಲಿನ ಮೊಬೈಲ್ ಟವರು ಕೂಗಳತೆಯಲ್ಲಿತ್ತು. "ಅದು ಹಗಲೂ ರಾತ್ರಿ ಅರಚುತ್ತೆ. ಆಂಪ್ಲಿಫೈಯರು ಅದನ್ನೂ ದೊಡ್ಡದು ಮಾಡುತ್ತೆ, ಆ ಗದ್ದಲದಲ್ಲಿ ವಿಮಾನದ ದನಿ ಮುಳುಗಿಹೋಗುತ್ತೆ. ಬೇಡದ ದನಿ ತಡೆಯೋ ಫಿಲ್ಟರ್ ಇದೆ, ಆದ್ರೆ ಇದರಲ್ಲಿ ಆಂಪ್ಲಿಫೈಯರ್ ಆದ್ಮೇಲೆ ಫಿಲ್ಟರು."

ಹೇಮಾವತಿ ಡಬ್ಬಿ ಕೆಳಗಿಟ್ಟಳು. "ಬೀಸಿದ ಮೇಲೆ ಕಲ್ಲು ಆರಿಸ್ತಾರೇನ್ರೀ?"

"ಅಂದ್ರೆ?"

"ಕಲ್ಲು ಮಣ್ಣು ಎಲ್ಲ ಸೇರಿಸಿ ಗಿರಣಿಗೆ ಸುರಿದು, ಹಿಟ್ಟಾದ ಮೇಲೆ ಜರಡಿ ಹಿಡಿದ್ರೆ ಏನು ಸಿಗುತ್ತೆ? ಮೊದಲು ಜರಡಿ, ಆಮೇಲೆ ಗಿರಣಿ. ಆಂಟೆನಾ ಬುಡದಲ್ಲೇ ಇನ್ನೊಂದು ಜರಡಿ ಕಟ್ಟಿ."

"ನಾನೂ ಅದನ್ನೇ ಹೇಳೋನಿದ್ದೆ," ಅಂದ ಅವನು.

ಮಾಳಿಗೆಯ ಮೂಲೆಯಲ್ಲಿ ಕೂತಿದ್ದ ನಾನು ಆಕಾಶ ನೋಡಿದೆ. ವಿಮಾನ ಇರಲಿಲ್ಲ. ಹಾಗಾಗಿ ಆ ಸುಳ್ಳು ಅವನ ಲೆಕ್ಕಕ್ಕೇ ಸೇರಿತು.

ಬೆಂಕಿಪೆಟ್ಟಿಗೆಯಷ್ಟು ಫಿಲ್ಟರ್ ಬಂದು ಆಂಟೆನಾಕ್ಕೂ ಡಾಂಗಲಿಗೂ ನಡುವೆ ಕೂತಿತು. ಟವರಿನ ಅರಚಾಟ ಹೊರಗೇ ನಿಂತಿತು. ಆಮೇಲೆ ತೆರೆಯ ಮೇಲೆ ಬಂದವು ನೋಡಿ! ಹೆಸರೇ ಕೇಳದ ಊರುಗಳ ಮೇಲಿನ ವಿಮಾನಗಳೂ ಇರುವೆ ಸಾಲಿನಂತೆ ಹರಿಯತೊಡಗಿದವು. ಒಂದು ವಾರ ನಾವು ಮೂವರೂ ಮಾಳಿಗೆಯ ಮೇಲೆ ಅದರ ಜೊತೆ ಪರೀಕ್ಷೆಗೆ ಕೂತೆವು. ನಾನು ಕಣ್ಣು ಮುಚ್ಚಿ ಇದೆ, ಇಲ್ಲ ಎನ್ನುವುದು. ಅವನು ತೆರೆ ನೋಡಿ ಇದೆ, ಇಲ್ಲ ಎನ್ನುವುದು. ಹೇಮಾವತಿ ಇಬ್ಬರಿಗೂ ಮಜ್ಜಿಗೆ ಕೊಟ್ಟು ಜಗಳ ಬಿಡಿಸುವುದು. ಬಹಳ ಸಲ ಡಾಂಗಲ್ಲೇ ಗೆದ್ದಿತು. ನಾನು ಇಲ್ಲ ಅಂದಲ್ಲಿ ಅದು ಇದೆ ಅಂದು, ದುರ್ಬೀನು ಹಿಡಿದು ನೋಡಿದರೆ ಇರುತ್ತಿತ್ತು. ನನಗೆ ಬೇಸರವೇನೂ ಆಗಲಿಲ್ಲ. ಕಿವಿಗೊಡುವವರ ಮನೆತನ ಅಂದರೆ ಯಾರು ಸರಿಯಾಗಿ ಕೇಳುತ್ತಾರೋ ಅವರಿಗೆ ಕಿವಿಗೊಡುವ ಮನೆತನ.

ಒಂದು ಸಲ ಮಾತ್ರ ನಾನು ಇದೆ ಅಂದೆ, ಅವನು ಇಲ್ಲ ಅಂದ. ನಕ್ಷೆಯ ಮೇಲೆ ನಿಜವಾಗಿಯೂ ಏನೂ ಇರಲಿಲ್ಲ. ನಾನು ಪಕ್ಕದ ಪಟ್ಟಿ ತೋರಿಸಿದೆ. ಅಲ್ಲಿ ಒಂದು ಸಾಲು ಮಿಣುಕುತ್ತಿತ್ತು. ಯಾರೆಂದು ಹೇಳಿತ್ತು, ಎತ್ತರ ಹೇಳಿತ್ತು, ಎಲ್ಲಿದ್ದೇನೆ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಎಲ್ಲ ವಿಮಾನಗಳೂ ಎಲ್ಲವನ್ನೂ ಹೇಳಿಕೊಳ್ಳುವುದಿಲ್ಲವಂತೆ. ಜಾಗ ಹೇಳದ್ದನ್ನು ನಕ್ಷೆ ಪಾಪ ಎಲ್ಲಿ ಕೂರಿಸಬೇಕು?

"ನಮ್ಮ ಚಿಕ್ಕಪ್ಪನ ಥರ," ಅಂದಳು ಹೇಮಾವತಿ. "ಹೊರಗೆ ಹೋಗ್ತೀನಿ ಅಂತಾರೆ, ಎಲ್ಲಿಗೆ ಅನ್ನಲ್ಲ."

ಹೀಗೆ ತೀರ್ಮಾನವಾಯಿತು: ಊರಿನ ಗಡಿಗಲ್ಲುಗಳ ನಡುವೆ ನಕ್ಷೆ ಖಾಲಿ ಇರಬೇಕು, ಜಾಗ ಹೇಳದವರ ಸಾಲೂ ಖಾಲಿ ಇರಬೇಕು, ಮೇಲೆ ನನ್ನ ಕಿವಿಯೂ ಖಾಲಿ ಇರಬೇಕು. ಮೂರೂ ಕೂಡಿದರೆ ಕೈ ಎತ್ತುವುದು.

ಇನ್ನು ಹೆಸರು. ಉದುರಿದ ಹೆಸರು ಮತ್ತೆ ಅಂಟುವುದಿಲ್ಲ, ಹೊಸದೇ ಬೇಕು. ಅವನಿಗೆ ಗಂಭೀರವಾದದ್ದು ಬೇಕಿತ್ತು. ಹೇಮಾವತಿಗೆ ಒಡಪಿಗೆ ಕೂರುವಂಥದ್ದು. ಕೊನೆಗೆ ಮನೋಹರ ಎಂದಾಯಿತು. ಅವಳು ಒಡಪನ್ನೂ ಕಟ್ಟಿ ಗಿರಣಿಯ ಸದ್ದಿನಲ್ಲಿ ಅಭ್ಯಾಸ ಮಾಡುತ್ತಿದ್ದಳು: "ಗಿರಣೀಲಿ ಬೀಸ್ತೀನಿ ರಾಗಿ ಜೋಳ ಸೇರು ಸೇರ, ಕೈ ಹಿಡಿಯೋ ಗಂಡನ ಹೆಸರು ಮನೋಹರ." ಊರಿನ ಅರ್ಧ ಜನಕ್ಕೆ ಅದು ಬಾಯಿಪಾಠವಾಗಿತ್ತು.

ಹೆಸರಿಡುವುದು ಗಿರಣಿಯ ಮುಂದಿನ ಅಂಗಳದಲ್ಲಿ ಎಂದು ನಿಶ್ಚಯವಾಯಿತು. ಮಾಳಿಗೆಯಿಂದ ಆಂಟೆನಾ, ಫಿಲ್ಟರ್, ಡಾಂಗಲ್ ಎಲ್ಲ ಗಿರಣಿಯ ತಗ್ಗು ಸೂರಿನ ಮೇಲಕ್ಕೆ ಬಂದವು, ಲ್ಯಾಪ್‌ಟಾಪು ಸೂರಿನಡಿ ಕೂತ ನನ್ನ ಮಡಿಲಿಗೆ ಬಂತು. ಗಿರಣಿ ನಿಂತಿತು. ಹಿಟ್ಟಿಗೆ ಬಂದವರೆಲ್ಲ ಚೀಲಗಳ ಮೇಲೆ ಕೂತು ನೆಂಟರಾದರು. ಬೆಳಗಿನ ತಿಂಡಿ ಮುಗಿದಿತ್ತು, ಮೋಡ ತಗ್ಗಿತ್ತು. ತೊಟ್ಟಿಲು ಇಲ್ಲದೆ ಹೆಸರಿಡುವಂತಿಲ್ಲ ಎಂದು ಮುದುಕಿಯರು ಹಟ ಹಿಡಿದದ್ದರಿಂದ ಬೇವಿನ ಮರಕ್ಕೆ ಉಯ್ಯಾಲೆ ಕಟ್ಟಿ, ನಲವತ್ತು ದಾಟಿದ ಗಂಡಸನ್ನು ಹೊಸ ಶರಟು ತೊಡಿಸಿ ಅದರಲ್ಲಿ ಕೂರಿಸಿದ್ದರು. ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಯಾರೋ ಜೋಗುಳ ಶುರುಮಾಡಿದರು, ಹೇಮಾವತಿ ಒಂದೇ ನೋಟದಲ್ಲಿ ನಿಲ್ಲಿಸಿದಳು. ಗುರುಸಿದ್ದಪ್ಪನವರು ಕುರ್ಚಿ ಹಾಕಿಸಿಕೊಂಡು, ಎದುರಾಳಿ ಸೋಲುವ ಪಂದ್ಯ ನೋಡಲು ಬಂದವರ ಸಮಾಧಾನದಲ್ಲಿ ಕೂತಿದ್ದರು.

ನಂಜತ್ತೆಯನ್ನು ಇಬ್ಬರು ಹಿಡಿದು ಕರೆತಂದರು. ಆಕೆ ಮೊದಲು ನನ್ನೆದುರು ನಿಂತರು. "ವನಜಾ, ನಿಮ್ಮಪ್ಪ ತಡೀರಿ ಅಂದಾಗ ತಡೀಲಿಲ್ಲ ನಾನು. ಈ ಸಲ ನೀನು ಹೇಳೋವರೆಗೆ ಉಸಿರೂ ಬಿಡಲ್ಲ, ನೋಡು."

"ಉಸಿರು ಬಿಡಿ ಅತ್ತೆ. ಬಿಟ್ಟರೇನೇ ಹೆಸರು ಹೇಳೋಕಾಗೋದು."

ಆಕೆ ಹರಳೆಣ್ಣೆಯ ಬೆರಳನ್ನು ಅವನ ಎಡಗಿವಿಗೆ ಮುಟ್ಟಿಸಿ, ಬಗ್ಗಿ, ತುಟಿಯನ್ನು ಕಿವಿಗೆ ಹಚ್ಚಿ ನಿಂತರು. ತೆರೆಯ ಮೇಲೆ ಒಂದು ವಿಮಾನ ನೀರಿನ ಟ್ಯಾಂಕಿನ ಮೇಲಿಂದ ಗಡಿ ದಾಟುತ್ತಿತ್ತು. ಇನ್ನೊಂದು ಪಶ್ಚಿಮದಿಂದ ಬರುತ್ತಿತ್ತು, ದೂರವಿತ್ತು. ಪಕ್ಕದ ಪಟ್ಟಿಯಲ್ಲಿ ಜಾಗ ಹೇಳದ ಸಾಲೊಂದು ಮಸುಕಾಗುತ್ತ ಬಂದು ಅಳಿಸಿಹೋಯಿತು. ಮೊದಲನೆಯದು ದಾಟಿತು. ನಾನು ಕಣ್ಣು ಮುಚ್ಚಿದೆ. ಚಾಪೆ ಎಳೆಯುವ ಸದ್ದಿಲ್ಲ. ಎಲೆ ಅಲ್ಲಾಡಿದ್ದು, ಯಾರದೋ ಬಳೆ, ಅಷ್ಟೇ. ಅಂಥ ಖಾಲಿ ಆಕಾಶವನ್ನು ನಾನು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ. ಕೈ ಎತ್ತಿದೆ.

ನಂಜತ್ತೆಯ ತುಟಿ ಅಲ್ಲಾಡಿತು. ಆಮೇಲೆ ಅಂಗಳಕ್ಕೆಲ್ಲ ಕೇಳುವ ಹಾಗೆ "ಮನೋಹರ, ಮನೋಹರ, ಮನೋಹರ!" ಅಂದರು. ಅಕ್ಷತೆ ಬಿತ್ತು, ಜನ ಹೋ ಎಂದರು. ತೆರೆ ನೋಡಿದೆ, ಪಶ್ಚಿಮದ್ದು ಇನ್ನೂ ಗಡಿಯ ಆಚೆ. ಇಷ್ಟು ಚೊಕ್ಕವಾಗಿ ನಮ್ಮಪ್ಪನೂ ಹೆಸರಿಡಿಸಿರಲಿಲ್ಲ ಎಂದು ಮನಸ್ಸಿನಲ್ಲೇ ಬೀಗಿದೆ.

ಪರೀಕ್ಷೆ ಹೇಮಾವತಿಯದು. ಅವಳು ಉಯ್ಯಾಲೆಯ ಹಿಂದೆ ಹತ್ತು ಹೆಜ್ಜೆ ಹೋಗಿ ನಿಂತು, ಸೆರಗು ಸರಿಮಾಡಿಕೊಂಡು ಕರೆದಳು: "ಮನೋಹರಾ!"

ಅವನು ಎದುರಿಗೆ ನೋಡುತ್ತ ನಗುತ್ತ ಕೂತಿದ್ದ.

"ಮನೋಹರಾ!" ಈ ಸಲ ಎರಡು ಬೀದಿಯ ನಾಯಿಗಳು ಎದ್ದವು. ಅವನು ಯಾವಾಗ ಕರೆಯುತ್ತಾಳೋ ಎಂದು ಕಾಯುತ್ತಲೇ ಇದ್ದ. ನಮ್ಮ ಮುಖ ನೋಡಿ ಅವನಿಗೆ ಅರ್ಥವಾಯಿತು. ಕೈ ಎಡಗಿವಿಗೆ ಹೋಯಿತು, ಅಲ್ಲಿ ಎಣ್ಣೆ ಜಿಡ್ಡು ಹತ್ತಿತು, ಕೈ ಇಳಿಯಿತು. ಇನ್ನು ಮುಚ್ಚಿಕೊಳ್ಳುವುದಕ್ಕೆ ಏನೂ ಉಳಿದಿರಲಿಲ್ಲ.

ಗುರುಸಿದ್ದಪ್ಪನವರು ಕುರ್ಚಿಯಿಂದ ಏಳುವ ಸಿದ್ಧತೆಯಲ್ಲಿ ಶಲ್ಯ ಕೊಡವಿದರು. ಜನ ನನ್ನ ಕಡೆ, ನನ್ನ ಮಡಿಲಿನ ತೆರೆಯ ಕಡೆ ನೋಡಿದರು. ನಾನು ಮತ್ತೆ ನೋಡಿದೆ, ಮತ್ತೆ ಕಿವಿಗೊಟ್ಟೆ. "ಆಕಾಶ ಖಾಲಿ ಇತ್ತು," ಅಂದೆ. "ಇತ್ತು ಅಂದ್ರೆ ಇತ್ತು. ಇವತ್ತು ಹೇಳಿದ್ದು ನಿಲ್ಲಲೇಬೇಕು."

ನಂಜತ್ತೆ ನೆಲಕ್ಕೆ ಕುಸಿದು ಹಣೆ ಬಡಿದುಕೊಂಡರು. "ಈ ಸಲವೂ ನನ್ನ ಮೇಲೆ ಹಾಕ್ತೀರಾ? ನಾನು ಅವಸರ ಮಾಡಿದ್ನಾ? ವನಜ ಕೈ ಎತ್ತಿದ್ದು ಕಾಣ್ತು, ಆದ್ರೂ ನಂಬಿಕೆ ಬರದೆ ಇನ್ನೊಂದು ಸಲ ಕೇಳೇ ಹೇಳಿದ್ನಲ್ಲಪ್ಪ! ಈಗಲೇ? ಅಂತ ಕೇಳಲಿಲ್ವಾ ನಾನು?"

ಅವನು ತಿರುಗಿ ನೋಡಿದ.

ಸುಮ್ಮನೆ ತಿರುಗಿದ್ದಲ್ಲ. ನಿದ್ದೆಯಲ್ಲಿರುವ ಬೆಕ್ಕಿನ ಕಿವಿ ತಿರುಗುವಂತೆ, ತನಗೇ ಗೊತ್ತಾಗದಂತೆ ತಿರುಗಿದ. ನಾನು ನಿಧಾನಕ್ಕೆ ಕೇಳಿದೆ: "ಅತ್ತೆ, ಏನು ಕೇಳಿದ್ರಿ? ಎಲ್ಲಿ ಬಾಯಿಟ್ಟು ಕೇಳಿದ್ರಿ?"

"ಇನ್ನೆಲ್ಲಿ? ಬಗ್ಗಿದ್ನಲ್ಲ, ಅಲ್ಲೇ. ಈಗಲೇ? ಅಂದೆ. ಯಾರೂ ಬೇಡ ಅನ್ನಲಿಲ್ಲ, ಹೆಸರು ಹೇಳಿದೆ."

ಅವನು ಮತ್ತೆ ತಿರುಗಿದ. ಈ ಸಲ ಅಂಗಳವೆಲ್ಲ ನೋಡಿತು. ಎಣ್ಣೆ ಮುಟ್ಟಿದ ಕಿವಿಗೆ, ಖಾಲಿ ಆಕಾಶದಡಿ, ಸೋದರತ್ತೆಯ ಬಾಯಿಂದ ಮೊದಲು ಬಿದ್ದ ಮಾತು ಅದು. ಅವಸರಗೇಡಿ ಅನ್ನಿಸಿಕೊಂಡವಳು ಜನ್ಮದಲ್ಲಿ ಮೊದಲ ಸಲ ಸಾವಧಾನದಿಂದ ಕೇಳಿದ ಪ್ರಶ್ನೆ.

ಚೀಲದ ಮೇಲೆ ಕೂತಿದ್ದ ಒಬ್ಬರು ಪರೀಕ್ಷೆಗೆಂದು "ಈಗಲೇ" ಎಂದು ಕೆಮ್ಮಿದರು. ಅವನು ಆ ಕಡೆ ತಿರುಗಿದ. ಮರದ ಹಿಂದಿನಿಂದ ಇನ್ನೊಬ್ಬರು. ಅಲ್ಲಿಗೂ ತಿರುಗಿದ. ಹೆಸರು ಕಲ್ಲಿಗೆ ಕೆತ್ತಿದಂತೆ ನಿಂತಿತ್ತು. ಅವನ ಮುಖದಲ್ಲಿ ಅಳುವೂ ನಗುವೂ ನಾನು ಮೊದಲು ನಾನು ಮೊದಲು ಎಂದು ನೂಕಾಡುತ್ತಿದ್ದವು. "ನನ್ನನ್ನೇ ಕರೀತಿದ್ದೀರಾ?" ಅಂದ. ಈವರೆಗೆ ಯಾರು ಕರೆದರೂ ಅವನಿಗೆ ಹಾಗನ್ನಿಸಿರಲಿಲ್ಲವಂತೆ.

"ಇದೂ ಒಂದು ಹೆಸರಾ?" ಗುರುಸಿದ್ದಪ್ಪನವರು ಎದ್ದೇಬಿಟ್ಟರು. "ನಾಳೆ ಯಾರೋ 'ಈಗಲೇ ಬಸ್ಸು ಬಂತು' ಅಂದ್ರೆ ನಿನ್ನ ಗಂಡ ಬಸ್ಸಿನ ಹಿಂದೆ ಓಡ್ತಾನೆ. ದೇವರ ಹೆಸರಲ್ಲ, ಮನುಷ್ಯರ ಹೆಸರಲ್ಲ. ನಿನ್ನ ಒಡಪು ಏನಾಯ್ತಮ್ಮ, ಸೇರು ಸೇರ?"

ಹೇಮಾವತಿ ಏನೂ ಅನ್ನಲಿಲ್ಲ. ಅವಳು ಸುಮ್ಮನಿದ್ದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಚಿಕ್ಕಪ್ಪನಿಗೆ ಧೈರ್ಯ ಬಂತು. "ಒಂದು ಮಾತು ಹೇಳ್ತೀನಿ, ಎಲ್ಲರೂ ಕೇಳಿ. ಈ ಹೆಸರಿಗೆ ಒಡಪು ಕಟ್ಟಿದ್ರೆ ನನ್ನದೇನೂ ಅಡ್ಡಿ ಇಲ್ಲ. ಕಟ್ಟೋಕೆ ಆಗದಿದ್ರೆ ಇವತ್ತಿಗೆ ಈ ಮಾತು ಮುಗೀತು. ಎಲ್ಲಿ, ಹೇಳು ನೋಡೋಣ!"

ಹೇಮಾವತಿ ನನ್ನ ಕಡೆ ನೋಡಿದಳು. ಪಶ್ಚಿಮದ ವಿಮಾನ ಗಡಿಗಲ್ಲಿಗೆ ಇನ್ನೂ ಬೆರಳಗಲ ಆಚೆ ಇತ್ತು. ಪಟ್ಟಿ ಖಾಲಿ. ಕಿವಿ ಖಾಲಿ. ಅಂದರೆ ಚಿಕ್ಕಪ್ಪ ಆಡಿದ ಮಾತೂ ನಿಂತಿತು ಎಂದು ನನಗೆ ಹೊಳೆಯಿತು, ಅವಳಿಗೆ ನನಗಿಂತ ಮೊದಲೇ ಹೊಳೆದಿತ್ತು. ಕೈ ಎತ್ತಿದೆ.

ಅವಳು ಉಯ್ಯಾಲೆಯ ಎದುರಿಗೆ ಬಂದು ನಿಂತಳು. ಮುಂಗೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು, ಗಿರಣಿ ನಿಂತಿದೆ ಎಂಬುದನ್ನು ಮರೆತು, ಊರಿಗೇ ಕೇಳುವ ದನಿಯಲ್ಲಿ ಹೇಳಿದಳು:

"ಮಾಳಿಗೆ ಹತ್ತಿ ಮುಗಿಲು ಜರಡಿ ಹಿಡಿದವರಿಗೆ ಮನಸು ಕೊಟ್ಟಿದ್ದು ಆಗಲೇ, ಮುಹೂರ್ತ ಕೇಳೋರು ಕೇಳ್ಕೊಳ್ಳಿ, ನಾ ಕೈ ಹಿಡಿಯೋದು ಈಗಲೇ!"

ಅವನು ಅವಳ ಕಡೆ ಮಾತ್ರ ತಿರುಗಿದ್ದ. ಅಂಗಳದಲ್ಲಿ ಬೇರೆ ಯಾರೂ ತಿರುಗಲಿಲ್ಲ.

ಗುರುಸಿದ್ದಪ್ಪನವರಿಗೆ ಆಗಿಹೋದದ್ದು ತಡವಾಗಿ ತಲೆಗೆ ಹತ್ತಿತು. "ನಿಲ್ಲಿ ನಿಲ್ಲಿ, ಅದು ಗಂಡನ ಹೆಸರು ಹೇಳಿದ್ದಾ, ಹೊತ್ತು ಹೇಳಿದ್ದಾ?"

"ಎರಡೂ ಚಿಕ್ಕಪ್ಪ," ಅಂದಳು ಹೇಮಾವತಿ.